ಗಣಕಯಂತ್ರ ಕೈಕೊಟ್ಟಾಗ ಮೊದಲು ಉಳಿಸಬೇಕಾದುದು ಲೆಕ್ಕಪತ್ರ

ಬೆಳಿಗ್ಗೆ ಅಂಗಡಿ ತೆರೆದು ಗಣಕಯಂತ್ರದ ಗುಂಡಿ ಒತ್ತಿದಾಗ, ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದೇ ಸಾಲು ಮೂಡಿ ನಿಲ್ಲುವುದು ವರ್ತಕರಿಗೆ ಹೊಸ ಅನುಭವವೇನಲ್ಲ. ವಿಂಡೋಸ್ ಅಡಕವಾಗಿರುವ ಹಾರ್ಡ್ ಡಿಸ್ಕ್ ಯಂತ್ರಕ್ಕೆ ಕಾಣಿಸುತ್ತಿಲ್ಲ, ಇಲ್ಲವೇ ಕಂಡರೂ ಅದನ್ನು ಓದಲಾಗುತ್ತಿಲ್ಲ ಎಂಬುದು ಇದರ ಅರ್ಥ. ಹೊಸ ಡಿಸ್ಕ್ ಕೆಲವು ಸಾವಿರ ರೂಪಾಯಿಗೆ ದೊರೆಯುತ್ತದೆ. ಆದರೆ ಹಳೆಯದರಲ್ಲಿದ್ದ ಟ್ಯಾಲಿ ಲೆಕ್ಕ, ಬಾಕಿದಾರರ ಪಟ್ಟಿ, ದಾಸ್ತಾನಿನ ವಿವರ ಯಾವ ಪೇಟೆಯಲ್ಲಿಯೂ ದೊರೆಯುವುದಿಲ್ಲ.

ಇಂತಹ ಸಮಯದಲ್ಲಿ ದುರಸ್ತಿಗೆ ಬಂದವರು ಸಾಮಾನ್ಯವಾಗಿ ಆಡುವ ಮಾತು ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’ ಎಂಬುದು. ಇದಕ್ಕೆ ಒಪ್ಪುವುದೆಂದರೆ ಬೀರುವಿನ ಬೀಗ ಕೆಟ್ಟಿತೆಂದು ಒಳಗಿನ ಖಾತೆ ಪುಸ್ತಕಗಳನ್ನೇ ತಿಪ್ಪೆಗೆ ಎಸೆದಂತೆ. ಲೆಕ್ಕದ ಪ್ರತಿ ಬೇರೆಡೆ ಭದ್ರವಾಗಿದೆಯೆಂದು ಖಚಿತವಾಗುವವರೆಗೆ ಒಪ್ಪಲೇಬಾರದು.

ಮೊದಲು ಸುಲಭದ ಕಾರಣಗಳನ್ನು ನೋಡಬೇಕು. ಯಂತ್ರಕ್ಕೆ ಸಿಕ್ಕಿಸಿದ ಪೆನ್ ಡ್ರೈವ್ ಹಾಗೆಯೇ ಉಳಿದಿದ್ದರೆ ಕೆಲವು ಯಂತ್ರಗಳು ಅದರಿಂದಲೇ ಚಾಲನೆಗೊಳ್ಳಲು ಯತ್ನಿಸಿ ಸೋಲುತ್ತವೆ. ಮದರ್‌ಬೋರ್ಡಿನ ಮೇಲಿರುವ, ನಾಣ್ಯದಾಕಾರದ 3 ವೋಲ್ಟಿನ ಸಿಆರ್2032 ಬ್ಯಾಟರಿ ಕ್ಷೀಣಿಸಿದ್ದರೆ ಬಯೋಸ್ ತನ್ನ ಹೊಂದಾಣಿಕೆಗಳನ್ನು ಮರೆಯುತ್ತದೆ. ಆಗ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ವಿಂಡೋಸ್ ಏಳದಿರಬಹುದು. ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿದ್ದರೆ ಈ ಬ್ಯಾಟರಿಯನ್ನೇ ಶಂಕಿಸಬೇಕು. ವಿದ್ಯುತ್ ಸಂಪರ್ಕವನ್ನು ಪೂರ್ಣ ಕಡಿದ ಮೇಲೆ ಡಿಸ್ಕಿನ ಎರಡೂ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕೂರಿಸಿ ನೋಡುವುದೂ ಉಚಿತ.

ಬಳಿಕ ಬಯೋಸ್ ಪರದೆಯಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯೇ ಎಂದು ಪರಿಶೀಲಿಸಬೇಕು. ಹೆಸರು ಕಂಡರೆ ಆಶೆಯಿದೆ. ಹಲವು ಬಾರಿ ಕೆಟ್ಟಿರುವುದು ವಿಂಡೋಸಿನ ಕಡತಗಳು ಮಾತ್ರ. ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರಿನ ಮೂಲಕ ಮತ್ತೊಂದು ಯಂತ್ರಕ್ಕೆ ಜೋಡಿಸಿ, ಟ್ಯಾಲಿಯ ಡೇಟಾ ಫೋಲ್ಡರನ್ನು ಪೂರ್ತಿಯಾಗಿ ನಕಲಿಸಿಕೊಳ್ಳಬಹುದು. ಅದರೊಳಗೆ ಕಂಪನಿಗಳ ಲೆಕ್ಕವು ಐದಾರು ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿರುತ್ತದೆ. ಜೋಡಿಸಿದೊಡನೆ 48 ಅಂಕಿಗಳ ಕೀಲಿ ಸಂಖ್ಯೆ ಕೇಳಿದರೆ ಅದು ಬಿಟ್‌ಲಾಕರ್ ರಕ್ಷಣೆ. ಯಂತ್ರವನ್ನು ಮೊದಲು ಸಜ್ಜುಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಈ ಸಂಖ್ಯೆ ಇರುವ ಸಂಭವವುಂಟು. ಕೆಲಸ ಬಿಟ್ಟುಹೋದ ಗುಮಾಸ್ತರ ಖಾತೆಯಾಗಿದ್ದರೆ ಪೇಚಾಟವೇ ಸರಿ!

ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಆ ಕ್ಷಣವೇ ವಿದ್ಯುತ್ ಕಡಿಯಬೇಕು. ನಿಮಿಷಕ್ಕೆ 5400 ಅಥವಾ 7200 ಬಾರಿ ತಿರುಗುವ ತಟ್ಟೆಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತ ಓದುವ ಭಾಗವು ಸೋತಿರುವುದರ ಲಕ್ಷಣವಿದು. ‘ಇನ್ನೊಮ್ಮೆ ನೋಡೋಣ’ ಎಂದು ಪದೇ ಪದೇ ಚಾಲೂ ಮಾಡಿದಷ್ಟೂ ತಟ್ಟೆಯ ಮೇಲ್ಮೈ ಗೀಚಿಹೋಗುತ್ತದೆ, ಮಾಹಿತಿ ಶಾಶ್ವತವಾಗಿ ಅಳಿಯುತ್ತದೆ. ಸೊರಗಿದ ಡಿಸ್ಕಿನ ಮೇಲೆ ‘ಚೆಕ್‌ಡಿಸ್ಕ್’ ಓಡಿಸುವುದೂ ಅಪಾಯಕರ. ಮೊದಲು ಪೂರ್ಣ ಪ್ರತಿ, ಆಮೇಲೆ ದುರಸ್ತಿ. ಧೂಳಿಲ್ಲದ ವಿಶೇಷ ಕೊಠಡಿಯುಳ್ಳ ಮಾಹಿತಿ ಮರಳಿ ಪಡೆಯುವ ಸಂಸ್ಥೆಯ ಹೊರತು ಬೇರಾರೂ ಡಿಸ್ಕಿನ ಮುಚ್ಚಳ ತೆಗೆಯಬಾರದು. ಇತ್ತೀಚಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವಿಲ್ಲ, ಸದ್ದಿನ ಎಚ್ಚರಿಕೆಯೂ ಇಲ್ಲ. ಅವುಗಳನ್ನು ಫಾರ್ಮ್ಯಾಟ್ ಮಾಡಿದರೆ ಹಳೆಯ ಮಾಹಿತಿ ಮರಳುವುದು ಬಹುಮಟ್ಟಿಗೆ ಅಸಾಧ್ಯ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳಿಗೆ ಬ್ಯಾಕಪ್ ಇರಿಸತಕ್ಕದ್ದೆಂದು ನಿಯಮಾವಳಿಯ 57ನೇ ನಿಯಮವು ವಿಧಿಸುತ್ತದೆ. ಬ್ಯಾಕಪ್ಪನ್ನು ಅದೇ ಡಿಸ್ಕಿನ ‘ಡಿ’ ಡ್ರೈವಿನಲ್ಲಿ ಇರಿಸುವ ಪದ್ಧತಿ ನಮ್ಮ ಅನೇಕ ಅಂಗಡಿಗಳಲ್ಲಿದೆ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ದಿನದ ವಹಿವಾಟು ಮುಗಿದೊಡನೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ, ವಾರಕ್ಕೊಮ್ಮೆ ಮನೆಗೆ ಒಯ್ಯುವ ಮತ್ತೊಂದು ಪ್ರತಿ ಇರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ನಗದು ಶಿಲ್ಕು ಅಂಗಡಿಯ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಲು ಹತ್ತು ನಿಮಿಷ ಸಾಕು.