ವಿದ್ಯಾರ್ಥಿಗಳೂ ಪ್ರತಿಷ್ಠೆಯ ವೆಚ್ಚವೂ

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ಹೊಟ್ಟೆಯ ಸಂಗತಿ ಇತರರಿಗೆ ಕಾಣದು, ಜುಟ್ಟಿನ ಮಲ್ಲಿಗೆಯನ್ನಾದರೋ ಊರೆಲ್ಲ ನೋಡುತ್ತದೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ತರುಣ ತರುಣಿಯರ ವೆಚ್ಚದ ರೀತಿಯನ್ನು ಅರಿಯಬೇಕಾದರೆ ಹೀಗೆ ನೋಡುವ ಕಣ್ಣುಗಳನ್ನೇ ಮೊದಲು ಗಮನಿಸಬೇಕು.

ಈ ವಿಷಯವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ ಪ್ರಮುಖನು. ನಾರ್ವೆಯಿಂದ ವಲಸೆ ಬಂದ ಒಕ್ಕಲು ಮನೆತನದ ಈತನು 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಿರಿವಂತರು ತಮ್ಮ ಸ್ಥಾನವನ್ನು ಮೆರೆಯಿಸಲೆಂದೇ ವ್ಯಯಮಾಡುವುದನ್ನೂ, ಕೆಳಗಿನವರು ಅವರನ್ನು ಅನುಕರಿಸುವುದನ್ನೂ ವಿವರಿಸಿದನು. ಹಸಿವು ಉಂಡರೆ ತೀರುತ್ತದೆ. ಪ್ರತಿಷ್ಠೆಯು ಇತರರಿಗಿಂತ ಮುಂದಿರುವುದರಿಂದ ಬರುವಂಥದು. ಎಲ್ಲರ ಕೈಗೂ ಬಂದ ವಸ್ತು ಅದನ್ನು ಕೊಡಲಾರದು. ಕೈಗಡಿಯಾರವೇ ವಿದ್ಯಾರ್ಥಿಯ ಹೆಮ್ಮೆಯಾಗಿದ್ದ ಕಾಲವೊಂದಿತ್ತು. ಅನಂತರ ಮೋಟಾರ್ ಸೈಕಲ್ಲು ಬಂದಿತು. ಈಗ ಮೊಬೈಲ್ ಫೋನು. ಅದೂ ಎಲ್ಲರಲ್ಲಿರುವುದರಿಂದ ಇಂತಹುದೇ ಕಂಪನಿಯ, ಈ ವರ್ಷದ ಮಾದರಿಯೇ ಆಗಬೇಕೆಂಬ ಹಟ.

ಹಾಗೆಂದು ಇದನ್ನೆಲ್ಲ ಷೋಕಿಯೆಂದು ತಳ್ಳಿಹಾಕುವುದು ಅನ್ಯಾಯ. ಗ್ರೀಕರೂ ರೋಮನರೂ ಲಿನನ್ ಬಟ್ಟೆಯಿಲ್ಲದೆ ಸುಖವಾಗಿಯೇ ಬಾಳಿದ್ದರೆಂದೂ, ತನ್ನ ಕಾಲದ ಕೂಲಿಕಾರನಾದರೋ ಲಿನನ್ ಅಂಗಿಯಿಲ್ಲದೆ ನಾಲ್ವರ ಮುಂದೆ ಬರಲು ನಾಚುವನೆಂದೂ, ಆದಕಾರಣ ಅದೂ ಅವಶ್ಯಕ ವಸ್ತುವೇ ಎಂದೂ ಆಡಂ ಸ್ಮಿತ್ 1776ರಲ್ಲಿಯೇ ವಾದಿಸಿದ್ದನು. ಶಾಲೆಯ ಸಮವಸ್ತ್ರದಲ್ಲಿಯೂ ಪ್ರಸಾದ ನಿಲಯದ ಪಂಕ್ತಿಯಲ್ಲಿಯೂ ಬೆಳೆದ ಹಳ್ಳಿಯ ಹುಡುಗ ಧಾರವಾಡಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೋದಾಗ ಆ ರಕ್ಷೆ ಕಳಚುತ್ತದೆ. ಅವನ ಬುದ್ಧಿ ಸಹಪಾಠಿಗಳಿಗೆ ತಿಳಿಯಲು ಪರೀಕ್ಷೆ ಬರಬೇಕು. ಪಾದರಕ್ಷೆ ಮೊದಲ ದಿನವೇ ಕಾಣುತ್ತದೆ. ಮೆರೆಯುವ ಆಸೆಗಿಂತ ಒಂಟಿಯಾದೇನೆಂಬ ಭಯವೇ ಅವನಲ್ಲಿ ಹೆಚ್ಚು. ಗೆಳೆಯರೊಡನೆ ಹೋಟೆಲಿಗೆ ಬರಲೊಲ್ಲೆನೆಂದವನು ಅವರ ಹರಟೆಯಿಂದಲೂ, ಕ್ರಮೇಣ ಅವರ ನೋಟ್ಸುಗಳಿಂದಲೂ ದೂರವಾಗುತ್ತಾನೆ. ಹುಡುಗಿಯರ ಪಾಡು ಇನ್ನೂ ಕಠಿಣ. ನಿನ್ನೆಯ ಉಡುಪನ್ನೇ ಇಂದೂ ಉಟ್ಟರೆ ಅವರನ್ನು ಆಡಿಕೊಳ್ಳುವವರು ಬಹಳ.

ಹಿಂದೆ ಇಂತಹ ವೆಚ್ಚಕ್ಕೆ ತಂದೆಯ ಕಿಸೆಯೇ ಎಲ್ಲೆಯಾಗಿತ್ತು. ಕಂತಿನ ಖರೀದಿ, ಮೊಬೈಲಿನಲ್ಲೇ ದೊರೆಯುವ ಸಾಲ, ಕ್ರೆಡಿಟ್ ಕಾರ್ಡು ಇವು ಆ ಎಲ್ಲೆಯನ್ನು ಅಳಿಸಿವೆ. ಇಂತಹ ಡಿಜಿಟಲ್ ಸಾಲಗಳ ವಾರ್ಷಿಕ ದರವನ್ನು ಮೊದಲೇ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ತಿಂಗಳಿಗೆ ಶೇಕಡಾ 3½ ಎಂದರೆ ಅಲ್ಪವೆಂದೇ ತೋರುತ್ತದೆ. ಆದರೆ 10,000 ರೂಪಾಯಿಯ ಸಾಲ ಈ ದರದಲ್ಲಿ ಚಕ್ರಬಡ್ಡಿ ಸೇರಿ ವರ್ಷಾಂತ್ಯಕ್ಕೆ 15,000 ದಾಟುತ್ತದೆ. ಗಣಿತವನ್ನೇ ಐಚ್ಛಿಕವಾಗಿ ಓದುವ ವಿದ್ಯಾರ್ಥಿಯೂ ಈ ಲೆಕ್ಕಕ್ಕೆ ಕೈಹಾಕುವುದು ವಿರಳ! ಕಡೆಗೆ ತೀರಿಸುವ ಭಾರ ಊರಿನಲ್ಲಿರುವ ತಂದೆ ತಾಯಿಗಳ ಮೇಲೆಯೇ ಬೀಳುತ್ತದೆ.

ಇದಕ್ಕೆ ಬರಿಯ ಉಪದೇಶ ಮದ್ದಲ್ಲ. ವಿದ್ಯಾರ್ಥಿವೇತನ ವಿತರಣೆಯ ಸಮಾರಂಭಗಳಲ್ಲಿ ಬಡ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು, ಅವನ ಮನೆಯ ಬಡತನವನ್ನು ಧ್ವನಿವರ್ಧಕದಲ್ಲಿ ಸಾರಿ, ಚೆಕ್ಕನ್ನು ಕೈಗಿತ್ತು ಭಾವಚಿತ್ರ ತೆಗೆಯುವ ರೂಢಿ ಹಲವೆಡೆ ಉಂಟು. ದಾನಿಗಳ ಸದುದ್ದೇಶ ನಿರ್ವಿವಾದ. ಆದರೆ ಆ ಚಿತ್ರ ಅಂದು ಸಂಜೆಯೊಳಗೆ ಸಹಪಾಠಿಗಳ ಮೊಬೈಲುಗಳನ್ನು ತಲುಪುತ್ತದೆ. ತಾನು ಬಡವನಲ್ಲವೆಂದು ತೋರಿಸಿಕೊಳ್ಳಲು ಆ ಹಣದಲ್ಲಿಯೇ ಒಂದು ಪಾಲನ್ನು ಅವನು ವ್ಯಯಮಾಡಿದರೆ ಆಶ್ಚರ್ಯವೇನು? ದಾಸೋಹದ ಪಂಕ್ತಿಯಲ್ಲಿ ಕುಳಿತವನ ಮನೆತನವನ್ನು ಯಾರೂ ವಿಚಾರಿಸುವುದಿಲ್ಲ. ಅದೇ ರೀತಿಯಲ್ಲಿ ವೇತನವನ್ನು ಸದ್ದಿಲ್ಲದೆ ಬ್ಯಾಂಕಿನ ಖಾತೆಗೆ ಜಮಾ ಮಾಡಿ, ವೇದಿಕೆಯ ಸನ್ಮಾನವನ್ನು ಓದಿಗೂ ಆಟಕ್ಕೂ ವಕ್ತೃತ್ವಕ್ಕೂ ಮೀಸಲಿಡಬಹುದು. ನಗರದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಹೊಸದಾಗಿ ಬಂದವನನ್ನು ಮೊದಲ ತಿಂಗಳಲ್ಲಿಯೇ ಕಂಡು, ತಾವು ಎಷ್ಟರಲ್ಲಿ ಓದಿ ಮುಗಿಸಿದೆವೆಂಬ ಲೆಕ್ಕವನ್ನು ಸಂಕೋಚವಿಲ್ಲದೆ ಹೇಳಿದರೆ, ಹೋಟೆಲಿಗೆ ಬರಲೊಲ್ಲೆನೆನ್ನುವ ಧೈರ್ಯ ಅವನಿಗೆ ಬಂದೀತು.