ಈಸೂರಿನಲ್ಲಿ ಕೇಳಿದ ಒಂದು ಪ್ರಶ್ನೆ

ಒಂಬತ್ತನೇ ತರಗತಿಯ ಮಕ್ಕಳನ್ನು ಒಮ್ಮೆ ಈಸೂರಿಗೆ ಕರೆದುಕೊಂಡು ಹೋಗಿದ್ದೆವು. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿಯ ಹೆಸರು ಕೇಳದ ಕನ್ನಡಿಗರು ಕಡಿಮೆ. 1942ರಲ್ಲಿ ಊರಿನವರೇ ಸೇರಿ ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಆ ಸೆಪ್ಟೆಂಬರಿನ ಕೊನೆಗೆ ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಆಮೇಲೆ ಪಡೆ ಬಂತು, ಜನ ಮನೆಮಠ ಬಿಟ್ಟು ಕಾಡು ಸೇರಿದರು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಈ ಕಥೆಯನ್ನು ಸಮಾಜ ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಚೆನ್ನಾಗಿಯೇ ಹೇಳಿದರು. ವಿಜ್ಞಾನದವನಾದ ನನಗೆ ವಹಿಸಿದ್ದು ತಿಂಡಿಯ ಉಸ್ತುವಾರಿ ಮಾತ್ರ. ಬಸ್ಸಿನಿಂದಿಳಿದು ಹುತಾತ್ಮರ ಸ್ಮಾರಕದವರೆಗೆ ನಡೆಯುವುದರೊಳಗೆ ಇಬ್ಬರು ಹುಡುಗರು 'ಕಾಲು ನೋವು ಸಾರ್' ಎಂದಿದ್ದರು. ಕಥೆ ಮುಗಿದ ಮೇಲೆ ಅವರಲ್ಲೊಬ್ಬ ಕೈಯಲ್ಲಿ ಖಾರದ ಚಿಪ್ಸಿನ ಪೊಟ್ಟಣ ಹಿಡಿದುಕೊಂಡೇ ಕೇಳಿದ: "ಸಾರ್, ಆ ಜನ ಕಾಡೊಳಗೆ ಅಷ್ಟು ದೂರ ಹೆಂಗೆ ಓಡಿದ್ರು? ಅವರು ಏನು ಉಣ್ತಿದ್ರು?"

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಜೀರ್ಣಾಂಗವ್ಯೂಹದ ಚಿತ್ರ ಬರೆಸಿದ್ದೇನೆ, ಜೀವಸತ್ವಗಳ ಪಟ್ಟಿ ಬಾಯಿಪಾಠ ಮಾಡಿಸಿದ್ದೇನೆ. ಇಂಥ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಹಿಂದಿನವರೆಲ್ಲ ಗಟ್ಟಿಮುಟ್ಟಾಗಿದ್ದರು, ಈಗಿನವರೆಲ್ಲ ಪುಸಕಲು ಎಂಬ ಮಾತನ್ನು ನಾನು ಒಪ್ಪುವವನಲ್ಲ. 1940ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು 32 ವರ್ಷ. ನಮ್ಮ ಮಲೆನಾಡಿನ ಅಂಚಿನಲ್ಲಂತೂ ಚಳಿಜ್ವರವೇ ಎಷ್ಟೋ ಮನೆಗಳನ್ನು ಖಾಲಿ ಮಾಡಿತು. ಹೊಟ್ಟೆತುಂಬ ಉಂಡವರಿಗಿಂತ ಅರೆಹೊಟ್ಟೆ ಉಂಡವರೇ ಹೆಚ್ಚು. ಆದರೂ ಹುಡುಗನ ಪ್ರಶ್ನೆಯಲ್ಲಿ ಹುರುಳಿತ್ತು. ನೀರು ಸೇದಿ, ಭತ್ತ ಕುಟ್ಟಿ, ಸೌದೆ ಹೊತ್ತು, ಸಂತೆಗೆ ನಡೆದು ಬದುಕಿದವರಿಗೆ 'ವ್ಯಾಯಾಮ' ಎಂಬ ಬೇರೆ ಕೆಲಸ ಬೇಕಿರಲಿಲ್ಲ. ಮಾಡಲೋ ಬೇಡವೋ ಎಂದು ದಿನಾ ಯೋಚಿಸುವ ಪ್ರಮೇಯವೂ ಇರಲಿಲ್ಲ. ಈಗ ಆ ಕೆಲಸಗಳನ್ನು ಮೋಟಾರು, ಮಿಕ್ಸಿ, ಟ್ರ್ಯಾಕ್ಟರು, ಸ್ಕೂಲ್ ವ್ಯಾನು ಮಾಡುತ್ತಿವೆ. ಒಳ್ಳೆಯದೇ. ಆದರೆ ಅನ್ನದ ರಾಶಿ ಮಾತ್ರ ಗದ್ದೆ ಉಳುವವನ ತಟ್ಟೆಯಲ್ಲಿ ಇದ್ದಷ್ಟೇ ಇದೆ!

ಅದೇ ತಿಂಗಳು, ಪುಣೆಯಲ್ಲಿ

ಊರಿಗೆ ಮರಳಿದ ಮೇಲೆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ಸ್ವಾರಸ್ಯದ ಸಂಗತಿ ಕಣ್ಣಿಗೆ ಬಿತ್ತು. ಈಸೂರಿನವರು ಗಾಂಧಿಯ ಹೆಸರು ಹೇಳಿ ಹೋರಾಡುತ್ತಿದ್ದ ಆ ತಿಂಗಳುಗಳಲ್ಲಿ ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದರು. ಅಲ್ಲಿ ಕುಳಿತು ಅವರು ಬರೆಯುತ್ತಿದ್ದುದು ರಾಜಕೀಯವನ್ನಲ್ಲ, ಆರೋಗ್ಯದ ಕುರಿತ ಒಂದು ಚಿಕ್ಕ ಪುಸ್ತಕವನ್ನು! 1942ರ ಆಗಸ್ಟ್ ಕೊನೆಯಲ್ಲಿ ಆರಂಭಿಸಿ ಡಿಸೆಂಬರಿನಲ್ಲಿ ಮುಗಿಸಿದರು.

ಕುಳಿತು ಕೆಲಸ ಮಾಡುವ ಮನುಷ್ಯನಿಗೆ ದಿನಕ್ಕೆ ಏನೇನು ಎಷ್ಟೆಷ್ಟು ಬೇಕೆಂಬ ಪಟ್ಟಿ ಅದರಲ್ಲಿದೆ. ಧಾನ್ಯ ಎಲ್ಲ ಸೇರಿ 6 ಔನ್ಸ್, ಅಂದರೆ ಸುಮಾರು 170 ಗ್ರಾಂ. ಸೊಪ್ಪು 3, ಬೇರೆ ತರಕಾರಿ 5, ಹಸಿಯಾಗಿ ತಿನ್ನುವುದು 1, ಒಟ್ಟು 9 ಔನ್ಸ್, ಸುಮಾರು 255 ಗ್ರಾಂ. ಹಾಲು 2 ಪೌಂಡ್. ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸ್.

ಇದರ ಪಕ್ಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಇಟ್ಟು ನೋಡಿ. 2000 ಕ್ಯಾಲೊರಿಯ ದಿನದ ಊಟಕ್ಕೆ ಅದು ಹೇಳುವುದು: ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ–ತುಪ್ಪ 27 ಗ್ರಾಂ.

ಎಂಬತ್ತು ವರ್ಷಗಳ ಅಂತರದ ಎರಡು ಪಟ್ಟಿಗಳು ಎಲ್ಲದರಲ್ಲೂ ಒಂದೇ ಅಲ್ಲ. ಗಾಂಧೀಜಿಯ ಪಟ್ಟಿಯಲ್ಲಿ ಬೇಳೆಯೇ ಇಲ್ಲ, ದಿನಕ್ಕೆ 2 ಪೌಂಡ್ ಹಾಲು ನಮ್ಮಲ್ಲಿ ಎಷ್ಟು ಮನೆಗಳಿಗೆ ಸಾಧ್ಯ? ಅವರು ಬರೆದ ಸಿಹಿ ಸುಮಾರು 42 ಗ್ರಾಂ ಆಗುತ್ತದೆ. ಈಗಿನ ವಿಜ್ಞಾನ ಸಕ್ಕರೆಯನ್ನು 25 ಗ್ರಾಂ ಒಳಗೆ ನಿಲ್ಲಿಸಿ ಎನ್ನುತ್ತದೆ. ಮಹಾತ್ಮರ ಲೆಕ್ಕವಾದರೂ ತಿದ್ದಬೇಕಾದರೆ ತಿದ್ದಲೇಬೇಕು. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ ಮಾತು ಹೇಳುತ್ತವೆ: ತೂಕದಲ್ಲಿ ಧಾನ್ಯಕ್ಕಿಂತ ತರಕಾರಿ ಹೆಚ್ಚಿರಬೇಕು.

ಈಗ ನಮ್ಮ ಮನೆಯ ತಟ್ಟೆ ನೋಡಿ. ಅನ್ನ ಗುಡ್ಡ, ಪಲ್ಯ ಉಪ್ಪಿನಕಾಯಿಯಷ್ಟು! ನಂಬಿಕೆ ಬಾರದಿದ್ದರೆ ಒಂದು ದಿನ ಅಳೆದು ನೋಡಿ. ನಾಲ್ಕು ಜನರ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಳಸಿದ ಅಕ್ಕಿ, ಹಿಟ್ಟು, ರವೆ, ಅವಲಕ್ಕಿಯನ್ನು ಬೇಯಿಸುವ ಮೊದಲು ತೂಗಿ, ಹೆಚ್ಚಿದ ತರಕಾರಿಯನ್ನು ಬೇರೆ ತೂಗಿ, ಎರಡನ್ನೂ ನಾಲ್ಕರಿಂದ ಭಾಗಿಸಿ. ತಕ್ಕಡಿ ಇಲ್ಲದವರು ಅಂಗಡಿಯಿಂದ ತಂದ ದಿನ ಮತ್ತು ಮುಗಿದ ದಿನ ಬರೆದಿಟ್ಟರೂ ಸಾಕು. ನಮ್ಮ ತರಗತಿಯಲ್ಲಿ ಈ ಕೆಲಸ ಕೊಟ್ಟಾಗ ಆಲೂಗಡ್ಡೆಯನ್ನು ತರಕಾರಿಗೆ ಸೇರಿಸಬಹುದೇ ಎಂದು ದೊಡ್ಡ ಜಗಳವೇ ಆಯಿತು. ಕೂಡದು ಎಂದು ತೀರ್ಪು ಕೊಟ್ಟೆ. ಪಿಷ್ಟದ ಲೆಕ್ಕದಲ್ಲಿ ಅದು ಅನ್ನದ ನೆಂಟ.

ಬಿಡುವಿನ ಪೀರಿಯಡ್ಡು

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಪರೀಕ್ಷೆ ಹತ್ತಿರ ಬಂತೆಂದರೆ ಆಟದ ಪೀರಿಯಡ್ಡನ್ನು ಕೇಳಿ ಪಡೆದು ಪಾಠ ಮುಗಿಸಿದವರಲ್ಲಿ ನಾನೂ ಒಬ್ಬ. ಮಾಂಸಖಂಡಗಳ ಪಾಠವನ್ನು, ಆಟಕ್ಕೆ ಹೊರಟು ನಿಂತ ಮಕ್ಕಳನ್ನು ಕೂರಿಸಿಯೇ ಮಾಡಿದ್ದೇನೆ! ಪಾಲಕರು ಅದನ್ನು ಮೆಚ್ಚಿಕೊಂಡೂ ಇದ್ದರು. ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವೈದ್ಯರು ಹೇಳಿದ ದಿನ ಆ ಪೀರಿಯಡ್ಡುಗಳೆಲ್ಲ ನೆನಪಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಅಂದಾಜು ಮಾಡಿದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಆ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ನಾನು ಒಬ್ಬಂಟಿಯಲ್ಲ ಎಂಬುದು ಸಮಾಧಾನದ ಮಾತೇನಲ್ಲ.

ಸಕ್ಕರೆಗೂ ಆಟಕ್ಕೂ ಏನು ಸಂಬಂಧ? ನಾವು ತಿಂದ ಅನ್ನ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಅದನ್ನು ಬಹುಪಾಲು ಒಳಗೆ ಎಳೆದುಕೊಳ್ಳುವುದು ಮಾಂಸಖಂಡ. ಸಾಮಾನ್ಯವಾಗಿ ಇನ್ಸುಲಿನ್ ಬಂದು ಜೀವಕೋಶದ ಬಾಗಿಲು ತೆರೆಸಬೇಕು. ಆದರೆ ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ಬಾಗಿಲು ತೆರೆದುಕೊಳ್ಳುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ರಕ್ತದ ಸಕ್ಕರೆಯ ಏರಿಕೆ ತಗ್ಗುವುದು ಇದರಿಂದಲೇ. ಶಿಕಾರಿಪುರಕ್ಕೆ ನೆರೆಯ ಮಾಸೂರು ಕಡೆಯವನೆಂದು ಹೇಳುವ ಸರ್ವಜ್ಞ ಉಂಡ ಮೇಲಿನ ನಡಿಗೆಯ ಬಗ್ಗೆ ಹೇಳಿದ್ದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಟಿ.ವಿ. ಮುಂದೆ ಕೂರುತ್ತೇವೆ.

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ಖೊಖೊ, ಕಬಡ್ಡಿ, ಸೈಕಲ್ಲು, ಲಗೋರಿ ಯಾವುದಾದರೂ ಆದೀತು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ ಹೆಣ್ಣುಮಕ್ಕಳು ಸಾಲುಸಾಲಾಗಿ ಪೆಡಲ್ ತುಳಿದು ಹೈಸ್ಕೂಲಿಗೆ ಬರುತ್ತಿದ್ದುದನ್ನು ನೋಡಿದವರಿಗೆ, ಅದು ಬರೀ ಸಾರಿಗೆಯ ಯೋಜನೆಯಲ್ಲ, ಆರೋಗ್ಯದ ಯೋಜನೆಯೂ ಹೌದು ಎನಿಸದೆ ಇರದು.

ಇಪ್ಪತ್ತೊಂದು ದಿನದ ಸುಳ್ಳು

ತಿಳಿದುಕೊಳ್ಳುವುದು ಸುಲಭ, ನಿತ್ಯ ಮಾಡುವುದೇ ಕಷ್ಟ. ಯುಗಾದಿಗೆ ಒಮ್ಮೆ, ಹೊಸ ವರ್ಷಕ್ಕೆ ಒಮ್ಮೆ ನಾನೂ ಬೂಟು ಕೊಂಡು ಬೆಳಗಿನ ವಾಕಿಂಗ್ ಶುರು ಮಾಡಿದವನೇ. ಮಳೆ ಹಿಡಿಯಿತೆಂದರೆ ಬೂಟು ಅಟ್ಟ ಸೇರುತ್ತಿತ್ತು. 21 ದಿನ ಬಿಡದೆ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎಂದು ಯಾರೋ ಹೇಳಿದ್ದರು. 21 ದಿನ ಮಾಡಿದೆ, ಆಗಲಿಲ್ಲ. ನನ್ನಲ್ಲೇ ದೋಷವಿದೆ ಎಂದುಕೊಂಡೆ.

ದೋಷ ಇದ್ದದ್ದು ಆ ಸಂಖ್ಯೆಯಲ್ಲಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯ, ತನ್ನ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು 1960ರಲ್ಲಿ ಬರೆದ. ಬಾಯಿಂದ ಬಾಯಿಗೆ ದಾಟುತ್ತ 'ಕನಿಷ್ಠ' ಉದುರಿಹೋಯಿತು, 21 ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಸ್ವಯಂಸೇವಕರನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಒಂದು ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18 ಸಾಕಾದರೆ, ಕೆಲವರಿಗೆ 254 ಬೇಕಾದೀತೆಂದು ಅಂದಾಜಾಯಿತು. ನೀರು ಕುಡಿಯುವಂಥದ್ದು ಬೇಗ ರೂಢಿಯಾಯಿತು, ವ್ಯಾಯಾಮ ತಡವಾಯಿತು. ಇನ್ನೊಂದು ಮುಖ್ಯ ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವೇನೂ ಆಗಲಿಲ್ಲ.

ಆ ಸ್ವಯಂಸೇವಕರೆಲ್ಲ ತಮ್ಮ ಹೊಸ ಕೆಲಸವನ್ನು ದಿನವೂ ತಪ್ಪದ ಹಳೆಯ ಕೆಲಸವೊಂದಕ್ಕೆ ಗಂಟು ಹಾಕಿದ್ದರು, 'ತಿಂಡಿಯಾದ ಮೇಲೆ' ಎನ್ನುವ ಹಾಗೆ. ಗದ್ದೆಯ ಬದುವಿನ ಕಾಲುದಾರಿ ಇದ್ದಂತೆ ಇದು. ದಿನಾ ಅದೇ ಜಾಗದಲ್ಲಿ ತುಳಿದರೆ ಹುಲ್ಲು ಸತ್ತು ದಾರಿಯಾಗುತ್ತದೆ; ಒಂದು ದಿನ ಬಿಟ್ಟರೆ ಹುಲ್ಲು ಬೆಳೆದುಬಿಡುವುದಿಲ್ಲ. ಆದರೆ ದಿನಕ್ಕೊಂದು ಕಡೆ ತುಳಿದರೆ ದಾರಿಯೇ ಆಗದು. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂಬ ಭಾಗ ಹೀಗೆ ಮತ್ತೆಮತ್ತೆ ಬಂದ ಕೆಲಸವನ್ನು ವಹಿಸಿಕೊಳ್ಳುತ್ತದೆ. ಸೈಕಲ್ ಕಲಿತವನು ಬ್ಯಾಲೆನ್ಸಿನ ಬಗ್ಗೆ ಯೋಚಿಸುವುದನ್ನು ಬಿಟ್ಟಂತೆ.

ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಊರೂರು ತಿರುಗಿ ಯೋಗ, ವ್ಯಾಯಾಮದ ಶಿಬಿರ ನಡೆಸುತ್ತಿದ್ದರು. 1996ರಲ್ಲಿ ಅವರು ತೀರಿಕೊಂಡಾಗ ನೂರು ದಾಟಿದ್ದರು ಎನ್ನುತ್ತಾರೆ. ಆ ಶಿಬಿರಗಳು ಒಂದೆರಡು ದಿನದ ಉತ್ಸವವಾಗಿರಲಿಲ್ಲ, ವಾರಗಟ್ಟಲೆ ನಡೆಯುತ್ತಿದ್ದವು. ನಸುಕಿನ ಅದೇ ಹೊತ್ತು, ಅದೇ ಬಯಲು, ಪಕ್ಕದಲ್ಲಿ ಅದೇ ಗೆಳೆಯ. ಲಂಡನ್ನಿನವರು ಅಳೆದದ್ದನ್ನು ಅವರು ಅಳೆಯದೆಯೇ ಬಲ್ಲವರಾಗಿದ್ದರು.

ನಾನು ಕೊನೆಗೆ ಮಾಡಿದ್ದು ಇಷ್ಟೇ. ವಾಕಿಂಗ್ ಎಂಬ ಹೆಸರನ್ನೇ ಬಿಟ್ಟೆ. ಸಂಜೆ ಡೇರಿಯಿಂದ ಹಾಲು ತರುವುದು ಮನೆಯಲ್ಲಿ ನನ್ನ ಕೆಲಸ. ಅದಕ್ಕೆ ಸ್ಕೂಟರ್ ತೆಗೆಯುವುದನ್ನು ನಿಲ್ಲಿಸಿದೆ. ಹಾಲಿಲ್ಲದಿದ್ದರೆ ರಾತ್ರಿ ಮಜ್ಜಿಗೆಗೆ ಹೆಪ್ಪಿಲ್ಲ, ಆದ್ದರಿಂದ ಮಳೆಯಾದರೂ ಕೊಡೆ ಹಿಡಿದು ಹೋಗಲೇಬೇಕು. ಬೂಟು ಇನ್ನೂ ಅಟ್ಟದಲ್ಲೇ ಇದೆ.

ಅಮಲ್ದಾರರ ನೇಮಕ

ಮಕ್ಕಳ ವಿಷಯಕ್ಕೆ ಬಂದರೆ 'ತಿನ್ನು, ತಿನ್ನಬೇಡ' ಎಂಬ ಆಜ್ಞೆಗಳಿಂದ ಏನೂ ಆಗುವುದಿಲ್ಲ. ಪೊಟ್ಟಣವನ್ನು ಕಸಿದರೆ ಅದರ ರುಚಿ ಇಮ್ಮಡಿಯಾಗುತ್ತದೆ. ಈಸೂರಿನವರು ಹುಡುಗರನ್ನೇ ಅಧಿಕಾರಿಗಳನ್ನಾಗಿ ಮಾಡಿದ್ದರಲ್ಲ, ಅದು ನೆನಪಾಗಿ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯನ್ನೂ ಅವರವರ ಅಡುಗೆಮನೆಯ ಅಮಲ್ದಾರ ಎಂದು ನೇಮಿಸಿದೆ. ಕೆಲಸ ಎರಡೇ. ಮೊದಲನೆಯದು, ಅನ್ನ ಬಡಿಸಿಕೊಳ್ಳುವ ಮೊದಲು ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ ಬಡಿಸಿಕೊಳ್ಳುವುದು, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕುವುದು. ಎರಡನೆಯದು, ಪೊಟ್ಟಣ, ಬಾಟಲಿಗಳ ಹಿಂಭಾಗ ಓದಿ ಸಕ್ಕರೆಯ ಲೆಕ್ಕ ಹಾಕುವುದು. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ 30 ಗ್ರಾಮಿಗೂ ಹೆಚ್ಚು ಸಕ್ಕರೆ, ಅಂದರೆ ಏಳೆಂಟು ಟೀ ಚಮಚ, ಎಂಬುದನ್ನು ಅವರೇ ಕಂಡುಹಿಡಿದರು. ನಾನು ಹೇಳಿದ್ದರೆ ಆಕಳಿಸುತ್ತಿದ್ದರು. ಚಮಚದಲ್ಲಿ ಅಳೆದು ಗಾಜಿನ ಲೋಟಕ್ಕೆ ಸುರಿದು ತೋರಿಸಿದಾಗ ಮಾತ್ರ ತರಗತಿ ನಿಶ್ಶಬ್ದವಾಯಿತು.

ಎಲ್ಲರೂ ಗುರುತು ಹಾಕಲಿಲ್ಲ. ಕೆಲವರು ಒಂದೇ ರಾತ್ರಿ ಕುಳಿತು ತಿಂಗಳ ಗುರುತುಗಳನ್ನೆಲ್ಲ ಹಾಕಿದ್ದು ಪೆನ್ನಿನ ಬಣ್ಣದಿಂದಲೇ ಗೊತ್ತಾಯಿತು! ಜಾತ್ರೆ ಬಂದ ವಾರ ಮಂಡಕ್ಕಿ ಮಿರ್ಚಿಯ ಮುಂದೆ ಯಾವ ಅಮಲ್ದಾರನ ಅಧಿಕಾರವೂ ನಡೆಯಲಿಲ್ಲ. ಅದೇನೂ ದೊಡ್ಡ ಅಪರಾಧವಲ್ಲ, ಜಾತ್ರೆ ವರ್ಷಕ್ಕೊಮ್ಮೆ.

ಪಾಲಕರ ಸಭೆಯಲ್ಲಿ ಚಿಪ್ಸ್ ಹುಡುಗನ ತಾಯಿ ಎದ್ದು ನಿಂತರು. ಹೊಗಳುತ್ತಾರೆ ಎಂದುಕೊಂಡೆ. "ಏನ್ ಸಾರ್, ನೀವು ಹೇಳಿಬಿಟ್ರಿ. ಇವನೊಬ್ಬನೇ ಬೋಗುಣಿ ಪಲ್ಯ ಖಾಲಿ ಮಾಡ್ತಾನೆ, ಉಳಿದವರಿಗೆ ಏನು ಹಾಕಲಿ? ಬೀನ್ಸ್ ಕೆ.ಜಿ.ಗೆ ಎಷ್ಟಾಗಿದೆ ಗೊತ್ತಾ?" ಎಂದರು. ಗಾಂಧೀಜಿಯ ಪಟ್ಟಿಯಾಗಲಿ ಹೈದರಾಬಾದಿನ ಪಟ್ಟಿಯಾಗಲಿ ಈ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಬೀನ್ಸೇ ಆಗಬೇಕೆಂದಿಲ್ಲ, ಹಿತ್ತಲಲ್ಲಿ ನುಗ್ಗೆ, ಬಸಳೆ, ಹರಿವೆ ಬೆಳೆಯಬಹುದಲ್ಲ ಎಂದೆ. ಅವರ ಮನೆಗೆ ಹಿತ್ತಲೇ ಇಲ್ಲವಂತೆ, ಅಂಗಳಕ್ಕೆ ಸಿಮೆಂಟು ಹಾಕಿಸಿಯಾಗಿದೆ. ಮರುದಿನ ಶಾಲೆಯ ಬೇಲಿಯ ಬಸಳೆ ಬಳ್ಳಿಯಿಂದ ನಾಲ್ಕು ತುಂಡು ಕತ್ತರಿಸಿ ಹುಡುಗನ ಕೈಗೆ ಕೊಟ್ಟೆ. ಹಳೆಯ ಪೇಂಟಿನ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟಿದ್ದಾನೆ. ಮೂರು ಚಿಗುರಿವೆ.