ಅರಮನೆಯು ಆಸ್ಪತ್ರೆಯಾದುದು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬ್ರೈಟನ್ ಎಂಬ ಪಟ್ಟಣವುಂಟು. ಅಲ್ಲಿ ಗುಂಬಜುಗಳಿಂದಲೂ ಮಿನಾರುಗಳಿಂದಲೂ ಕೂಡಿದ ಅರಮನೆಯೊಂದನ್ನು ಕಂಡ ಭಾರತೀಯನು, ತಾನು ದಿಲ್ಲಿಯಲ್ಲಿರುವೆನೋ ಲಖನೌವಿನಲ್ಲಿರುವೆನೋ ಎಂದು ಬೆರಗಾಗಬೇಕು. ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ರಾಜಕುಮಾರನಿಗಾಗಿ ಜಾನ್ ನ್ಯಾಶನು ಅದಕ್ಕೆ ಈ ರೂಪವನ್ನು ಕೊಟ್ಟನು. ವಿಕ್ಟೋರಿಯಾ ರಾಣಿಗೆ ಅದು ಹಿಡಿಸಲಿಲ್ಲ. 1850ರಲ್ಲಿ ಪಟ್ಟಣದವರೇ ಅದನ್ನು ಕೊಂಡುಕೊಂಡರು.

1914ರಲ್ಲಿ ಭಾರತದ ಸೇನೆಯು ಫ್ರಾನ್ಸಿನ ರಣರಂಗಕ್ಕೆ ಹೋಯಿತಷ್ಟೆ. ಗಾಯಗೊಂಡ ಸಿಪಾಯಿಗಳಿಗಾಗಿ ಆ ವರ್ಷದ ಡಿಸೆಂಬರಿನಲ್ಲಿ ಈ ಅರಮನೆಯೂ ಪಕ್ಕದ ಸಭಾಮಂದಿರಗಳೂ ಆಸ್ಪತ್ರೆಯಾದುವು. ಚಿತ್ರವಿಚಿತ್ರವಾದ ಛಾವಣಿಗಳ ಕೆಳಗೆ 700ಕ್ಕೂ ಹೆಚ್ಚು ಹಾಸಿಗೆಗಳನ್ನು ಸಾಲಾಗಿ ಹಾಕಿದರು. ಜಾತಿಮತಗಳ ಆಚಾರಕ್ಕೆ ಭಂಗ ಬಾರದಂತೆ ಒಂಬತ್ತು ಅಡಿಗೆಮನೆಗಳು ನಡೆದುವು. ಹಿಂದೂಗಳಿಗೂ ಮುಸಲ್ಮಾನರಿಗೂ ನೀರಿನ ಕೊಳಾಯಿಗಳು ಬೇರೆಬೇರೆಯಾಗಿದ್ದುವು. ಫಲಕಗಳನ್ನು ಉರ್ದು, ಹಿಂದಿ, ಗುರುಮುಖಿಗಳಲ್ಲಿ ಬರೆಯಿಸಿದರು. ಈಪ್ರ್ ಕದನದಲ್ಲಿ ವಿಷವಾಯುವಿಗೆ ಸಿಕ್ಕಿದ ಜಮಾದಾರ್ ಮೀರ್ ದಸ್ತನಿಗೆ ಐದನೆಯ ಜಾರ್ಜ್ ದೊರೆಯು ವಿಕ್ಟೋರಿಯಾ ಕ್ರಾಸ್ ಪದಕವನ್ನು ಕೊಟ್ಟುದು 1915ರ ಆಗಸ್ಟಿನಲ್ಲಿ, ಇಲ್ಲಿಯೇ.

ಇಷ್ಟೆಲ್ಲ ಉಪಚಾರವೂ ಕೇವಲ ಕರುಣೆಯಿಂದಲೇ ನಡೆಯಿತೆ? ಶುಶ್ರೂಷೆಯು ಉತ್ತಮವಾಗಿದ್ದುದು ನಿಜ. ಆದರೆ ದೊರೆಯು ತನ್ನ ಅರಮನೆಯನ್ನೇ ಸಿಪಾಯಿಗಳಿಗೆ ಬಿಟ್ಟುಕೊಟ್ಟನೆಂಬ ಮಾತು ಹರಡಿತು. ಹಾಸಿಗೆಯ ಸಾಲುಗಳ ಭಾವಚಿತ್ರಗಳು ಎಲ್ಲೆಡೆಗೂ ಹೋದುವು. ಅರಮನೆಯಾದರೋ ಆಗ ಪಟ್ಟಣದ ಸ್ವತ್ತು. ಮೇಲಾಗಿ, ರೋಗಿಗಳು ಅಪ್ಪಣೆಯಿಲ್ಲದೆ ಆವರಣವನ್ನು ದಾಟುವಂತಿರಲಿಲ್ಲ. ಅವರ ಕಾಗದಗಳನ್ನು ಅಧಿಕಾರಿಗಳು ಓದುತ್ತಿದ್ದರು. ಗುಣಹೊಂದಿದ ಅನೇಕರನ್ನು ಪುನಃ ರಣರಂಗಕ್ಕೆ ಕಳುಹಿಸುತ್ತಿದ್ದರು. ಆದರವೂ ಅವಿಶ್ವಾಸವೂ ಒಂದೇ ಸೂರಿನ ಕೆಳಗೆ ವಾಸಮಾಡಿದುವು.

1915ರ ಕೊನೆಯಲ್ಲಿ ಭಾರತೀಯ ಕಾಲಾಳುಗಳ ದಳಗಳು ಫ್ರಾನ್ಸನ್ನು ಬಿಟ್ಟುವು. 1916ರ ಆರಂಭದಲ್ಲಿ ಈ ಆಸ್ಪತ್ರೆಯೂ ಮುಚ್ಚಿತು. ಅನಂತರ 1920ರವರೆಗೆ ಕೈಕಾಲುಗಳನ್ನು ಕಳೆದುಕೊಂಡ ಬ್ರಿಟಿಷ್ ಯೋಧರಿಗೆ ಅಲ್ಲಿ ಚಿಕಿತ್ಸೆ ನಡೆಯಿತು.

ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಮಡಿದವರಲ್ಲಿ ಮುಸಲ್ಮಾನರನ್ನು ವೋಕಿಂಗಿನ ಮಸೀದಿಯ ಸಮೀಪದಲ್ಲಿ ಮಣ್ಣುಮಾಡಿದರು. ಹಿಂದೂಗಳೂ ಸಿಖ್ಖರೂ ಸೇರಿ 53 ಮಂದಿಗೆ ಊರಾಚೆಯ ಗುಡ್ಡದ ಮೇಲೆ ಅಗ್ನಿಸಂಸ್ಕಾರವಾಯಿತು. ಅಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿಯೊಂದು ಎದ್ದಿತು. ಅವರೆಲ್ಲರ ಹೆಸರುಗಳನ್ನು ಆ ಸ್ಥಳದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದುದಾದರೋ 2010ರಲ್ಲಿ. ಅರಮನೆಯ ಚಿತ್ರಗಳು ಒಂದೇ ವರ್ಷದಲ್ಲಿ ಲೋಕವನ್ನು ಸುತ್ತಿ ಬಂದುವು. ಅಲ್ಲಿ ಮಲಗಿ ಮಡಿದವನ ಹೆಸರು ಅವನ ಚಿತೆಯ ನೆಲವನ್ನು ಸೇರಲು ತೊಂಬತ್ತು ವರ್ಷಗಳಿಗೂ ಮಿಗಿಲಾಗಿ ಬೇಕಾಯಿತು.